ಗೂಡಲೂರಿನ ಐದೆಲೆ

"ನಾನು ಕೊಡಾಕಿಲ್ಲ" ಎಂದು ಗುರುಮಲ್ಲಮ್ಮ ಕೈಗೆತ್ತಿಕೊಂಡಿದ್ದ ವೀಳ್ಯವನ್ನು ವಾಪಸು ತಟ್ಟೆಗೆ ಹಾಕಿಬಿಟ್ಟಳು.

ತಮಟೆ ಕಾಯಿಸಿಕೊಂಡು ನಿಂತಿದ್ದವರು ಎತ್ತಿದ ಕೈ ಇಳಿಸಿದರು. ಚೆಂಡುಹೂವಿನ ವಿಮಾನಕ್ಕೆ ಹೆಗಲು ಕೊಡಲು ಬಂದಿದ್ದ ನಾಲ್ವರು ತಲೆಗೆ ಟವೆಲು ಸುತ್ತಿಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟು ಬಾಯಿ ತೆರೆದುಕೊಂಡು ನೋಡಿದರು. ಜಗಲಿಯ ಮೇಲೆ, ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ ಕೂರಿಸಿದ್ದ ಮರಿಮಲ್ಲಪ್ಪ ಮಾತ್ರ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಯಾರದೋ ಮದುವೆಗೆ ಹೊರಟವನ ಹಾಗೆ ಪೇಟ ಸುತ್ತಿಸಿಕೊಂಡು ಸುಮ್ಮನೆ ಕೂತಿದ್ದ. ಬದುಕಿದ್ದಾಗಲೂ ಅಷ್ಟೆ, ಹೆಂಡತಿಗೆ ಸಿಟ್ಟು ಬಂದರೆ ಅವನು ಹೀಗೇ ಕೂರುತ್ತಿದ್ದ.

ಹರವೆಯ ಆ ಮನೆತನದಲ್ಲಿ ಒಂದು ಪದ್ಧತಿಯಿದೆ. ಗಂಡ ಶಿವನ ಪಾದ ಸೇರಿದರೆ, ಎತ್ತುವ ಮೊದಲು ಹೆಂಡತಿ ಅವನ ಅಂಗೈಗೆ ವೀಳ್ಯ ಇಟ್ಟು, ಕಿವಿಯ ಹತ್ತಿರ ಬಗ್ಗಿ 'ನನ್ನ ಮನಸ್ಸಲ್ಲಿ ಏನೂ ಇಲ್ಲ' ಎಂದು ಹೇಳಬೇಕು. ಹೆಂಡತಿ ಮೊದಲು ಹೋದರೆ ಗಂಡನೂ ಹಾಗೇ ಮಾಡಬೇಕು. ಅದಾಗದೆ ಎತ್ತುವ ಹಾಗಿಲ್ಲ. ಮನಸ್ಸಲ್ಲಿ ಬೆಟ್ಟದಷ್ಟು ಇಟ್ಟುಕೊಂಡೇ ಪಟಕ್ಕನೆ ಹೇಳಿ ಕೈತೊಳೆದುಕೊಂಡ ಸೊಸೆಯಂದಿರು ಆ ಮನೆಯಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಗುರುಮಲ್ಲಮ್ಮ ಅವರ ಪೈಕಿಯವಳಲ್ಲ. ಅವಳು ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವಳಲ್ಲ, ಮಾತಿಗೂ ಬೆರೆಸುತ್ತಿರಲಿಲ್ಲ.

ಮೈದುನ ಮಲ್ಲೇಶ್ ಹತ್ತಿರ ಬಂದ. ಬೆಳಿಗ್ಗೆಯಿಂದ ಎಲ್ಲ ಓಡಾಟವೂ ಅವನದೇ.

"ಅತ್ತಿಗೆ, ಒತ್ತಾಯ್ತಾ ಅದ. ಗುಣಿ ತೋಡಾಗದ, ಐನೋರು ಬಂದು ಕಾಯ್ತಾ ಕೂತವ್ರ. ಒಂದ್ಮಾತು ಏಳ್ಬುಡಿ, ಎತ್ಬುಡನ."

"ಸುಳ್ಳು ಏಳ್ಲಾ ಮಲ್ಲೇಶ? ಸತ್ತೋರ ಕಿವೀಲಿ ಸುಳ್ಳು ಏಳ್ಲಾ?"

ಮರಿಮಲ್ಲಪ್ಪನ ಅಕ್ಕ ಬಸವಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಎಂಬತ್ತು ದಾಟಿದ ಜೀವ, ಕಣ್ಣು ಮಂಜಾಗಿದ್ದರೂ ಗಂಟಲು ಮಂಜಾಗಿರಲಿಲ್ಲ. "ಏನಮ್ಮಿ ಅದು ನಿನ್ ಮನ್ಸಲ್ಲಿರದು? ನನ್ ತಮ್ಮ ನಿಂಗೇನ್ ಕಮ್ಮಿ ಮಾಡಿದ್ದನು?"

"ಏನೂ ಕಮ್ಮಿ ಮಾಡ್ನಿಲ್ಲ ಕಣಕ್ಕ. ಒಂದ್ ದಿನ ಕೈಯೆತ್ನಿಲ್ಲ. ಒಂದ್ ದಿನ ಉಂಡ್ಯಾ ಅಂತ ಕೇಳ್ದೆ ತಾನು ಉಣ್ನಿಲ್ಲ. ಅದ್ಕೇ ನಂಗ ಒಟ್ಟೆ ಉರೀತದ. ಇಂಥ ಮನ್ಸ ಗೂಡಲೂರಲ್ಲಿ ಏನ್ ಮಾಡ್ದ ಅಂತ."

ಗೂಡಲೂರು ಅಂದದ್ದೇ ತಡ, ವಯಸ್ಸಾದವರೆಲ್ಲ ಅಂಗಳದ ಮಣ್ಣು ನೋಡತೊಡಗಿದರು. ಹರೆಯದವರು 'ಏನದು, ಏನದು' ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲವತ್ತು ವರ್ಷದಿಂದ ಆ ಮನೆಯೊಳಗೆ ಯಾರೂ ಆಡದ ಮಾತು ಅದು.

"ಆ ಎರಡು ದಿನ ಇವ್ರು ಯಾರ ಮನೇಲಿದ್ರು, ಅದೊಂದು ಗೊತ್ತಾಗ್ಲಿ" ಎಂದಳು ಗುರುಮಲ್ಲಮ್ಮ. ಧ್ವನಿ ತಗ್ಗಲಿಲ್ಲ. "ಒಬ್ಳು ಇದ್ಳು ಅಂತ ಗೊತ್ತಾದ್ರ, ಓಗ್ಲಿ ಅಂತ ಮಾಪು ಮಾಡ್ಬುಟ್ಟು ಕೊಡ್ತೀನಿ. ಇರ್ನಿಲ್ಲ ಅಂತ ಗೊತ್ತಾದ್ರ ನಗ್ತಾ ಕೊಡ್ತೀನಿ. ಗೊತ್ತಿಲ್ದೇ ಎಂಗ್ ಕೊಡ್ಲಿ ಏಳಿ? ಗುಣಿಗೆ ಮಣ್ಣು ಬಿದ್ಮೇಲೆ ಯಾರ್ನ ಕೇಳ್ಲಿ?"

* * *

ಅದು ಮಗಳು ಶಶಿರೇಖಾಳಿಗೆ ಹೆಸರಿಡುವ ದಿನ. ಗುರುಮಲ್ಲಮ್ಮನಿಗೆ ಆಗ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮರಿಮಲ್ಲಪ್ಪ ಹಿಂದಿನ ದಿನ ಗುಂಡ್ಲುಪೇಟೆಯಲ್ಲಿ ಬದನೆಕಾಯಿ, ಕುಂಬಳಕಾಯಿ ತುಂಬಿದ ಲಾರಿ ಹತ್ತಿ, ಬಂಡೀಪುರದ ಕಾಡು ದಾಟಿ ಗೂಡಲೂರಿಗೆ ಹೋಗಿದ್ದ. ಹೋಗುವಾಗ 'ನಾಳೆ ಕೋಳಿ ಕೂಗೋ ಒತ್ಗೆ ಬಂದ್ಬುಡ್ತೀನಿ, ಮಗೀನ ತೊಡೆ ಮೇಲೆ ಕೂರುಸ್ಕಳದು ನಾನೇ' ಎಂದಿದ್ದ.

ಕೋಳಿ ಕೂಗಿತು. ನೆಂಟರು ಬಂದರು. ತೊಟ್ಟಿಲಿಗೆ ಹೂ ಸುತ್ತಿದ್ದಾಯಿತು. ಹಸೆಯ ಮೇಲೆ ಹಾಕಿದ ಎರಡು ಮಣೆಗಳಲ್ಲಿ ಒಂದರಲ್ಲಿ ಗುರುಮಲ್ಲಮ್ಮ ಕೂತಳು, ಪಕ್ಕದ ಮಣೆ ಖಾಲಿ. ಊಟಕ್ಕೆ ಹೊತ್ತಾಯಿತೆಂದು ನೆಂಟರು ಗೊಣಗಿದರು. ಕೊನೆಗೆ ಬಸವಮ್ಮನೇ ಮಗುವನ್ನು ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಿದಳು. ಬಡಿಸಿದ ಹೋಳಿಗೆಯನ್ನು ಗುರುಮಲ್ಲಮ್ಮ ಮುಟ್ಟಲಿಲ್ಲ.

ಅವನು ಬಂದದ್ದು ಮರುದಿನವೂ ಕಳೆದ ಮೇಲೆ. ಬಂದವನ ಮುಖ ನೋಡಬೇಕಿತ್ತು! ತಪ್ಪು ಮಾಡಿದವನ ಮುಖವೇ ಅಲ್ಲ, ಗೆಲುವೋ ಗೆಲುವು. ಕೈಯಲ್ಲೊಂದು ಟೀಪುಡಿಯ ಪೊಟ್ಟಣ ಹಿಡಿದು ಬಾಗಿಲಲ್ಲೇ ಕೂಗಿದ್ದ. "ಗುರುಮಲ್ಲೀ, ನಂಗ ಐದೆಲೆ ಬಿತ್ತು ಕಣಾ! ಎಲ್ರೂ ಎದ್ದು ನಿಂತ್ಕಂಬುಟ್ರು!"

ಅವಳು ಅಷ್ಟೂ ಕೇಳಿಸಿಕೊಂಡಳು. ಯಾವುದೋ ಎಸ್ಟೇಟು, ಯಾವುದೋ ಇಸ್ಪೀಟಾಟ, ಐದು ಎಲೆ ಸಾಲಾಗಿ ಬಂದವಂತೆ, ಅದನ್ನು ನೋಡಿ ಗುರುತು ಪರಿಚಯವಿಲ್ಲದ ಜನ ಅವನನ್ನು ಎರಡು ದಿನ ಇಟ್ಟುಕೊಂಡು ಉಣ್ಣಲಿಕ್ಕಿದರಂತೆ. ಇಸ್ಪೀಟು ಅವಳಿಗೆ ತಿಳಿಯದು. ತಿಳಿದವನನ್ನು ಕೇಳೋಣ ಎಂದು ಪಕ್ಕದ ಮನೆಯ ರಂಗಸ್ವಾಮಿಯನ್ನು ಕೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಐದೆಲೆ ಸಾಲಾಗಿ ಬರದು ರಮ್ಮೀಲಿ ದಿನಾ ಬತ್ತದ ಕಣಕ್ಕ. ಅದ್ಕ ಯಾರಾರ ಎಡ್ದಿನ ಊಟ ಆಕ್ತರಾ? ಬುರುಡೆ!"

ಆ ಟೀಪುಡಿ ತಿಪ್ಪೆಗೆ ಹೋಯಿತು. 'ಇನ್ಮೇಲೆ ಈ ಮನೇಲಿ ಗೂಡಲೂರು ಅನ್ನೋ ಮಾತು ಬಂದ್ರ ನಾನು ತೌರ್ಗ ಓಯ್ತೀನಿ' ಎಂದಳು. ಅವನು ಮತ್ತೆ ಎತ್ತಲಿಲ್ಲ. ಸಂಸಾರ ನಡೆಯಿತು. ಅರಿಶಿನ ಬೆಳೆದರು, ಚೆಂಡುಹೂ ಬೆಳೆದರು, ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟರು. ಎಲ್ಲ ಸರಿಯಾಗಿಯೇ ಇತ್ತು. ಒಂದೇ ಒಂದು ವ್ಯತ್ಯಾಸ. ಅವನು ಊರಿಗೆ ಹೊರಟು ನಿಂತರೆ 'ಯಾವಾಗ ಬತ್ತೀರಿ' ಎಂದು ಅವಳು ಆಮೇಲೆ ಯಾವತ್ತೂ ಕೇಳಲಿಲ್ಲ. ಅವನೇ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕೇಳಲಿಲ್ಲವೆಂದು ಕಂಡುಕೊಂಡು, ಚಪ್ಪಲಿ ಮೆಟ್ಟಿ ಹೋಗುತ್ತಿದ್ದ.

* * *

"ಮಾರಯ್ಯನ್ನ ಕರೀರಿ" ಎಂದಳು ಬಸವಮ್ಮ. "ಅವ್ನಿಗ್ ಗೊತ್ತಿಲ್ದಿರದು ನನ್ ತಮ್ಮಂದು ಯಾವ್ದೂ ಇಲ್ಲ."

ಮಾರಯ್ಯ ದನದ ಕೊಟ್ಟಿಗೆಯಿಂದ ಕಣ್ಣುಜ್ಜಿಕೊಂಡು ಬಂದ. ಸಾವಿನ ಮನೆಯಲ್ಲಿ ರಾತ್ರಿ ಕಾವಲಿಗೆ ಕೂತವರು ನಿದ್ದೆ ಬಾರದಿರಲೆಂದು ಇಸ್ಪೀಟು ಆಡುವುದು ಆ ಕಡೆ ವಾಡಿಕೆ. ಇವನ ಅಂಗಿಜೇಬಿನಲ್ಲಿ ಎಲೆಕಟ್ಟು ಹಾಗೇ ಉಬ್ಬಿಕೊಂಡಿತ್ತು. ಮರಿಮಲ್ಲಪ್ಪನ ಜೊತೆ ಚಿಕ್ಕಂದಿನಿಂದ ಹುಣಿಸೆಬೀಜ ಕಟ್ಟಿ ಆಡಿದವನು, ನಿನ್ನೆಯಿಂದ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದ.

"ಗೂಡಲೂರಿಂದು ಏಳು ಮಾರಯ್ಯ" ಎಂದಳು ಗುರುಮಲ್ಲಮ್ಮ. "ನನ್ ಮುಂದೆ ಏಳ್ದೇ ಇರದು, ನಿನ್ ಮುಂದೆ ಏಳಿರದು, ಎಲ್ಲಾನೂ ಏಳು. ಅವ್ಳ ಎಸ್ರು ಗೊತ್ತಿದ್ರೂ ಏಳು. ನಾನೇನೂ ಅನ್ನಾಕಿಲ್ಲ."

"ಅಯ್ಯೋ ಶಿವ್ನೇ! ಯಾವ ಅವ್ಳು ಕಣವ್ವಾ?" ಮಾರಯ್ಯನಿಗೆ ಗಾಬರಿಯಾಯಿತು. "ನಲವತ್ತು ವರ್ಸ ನನ್ ಮುಂದೆ ಒಂದೇ ಕತೆ ಏಳವ್ನ. ಒಂದ್ಮಾತು ಆಚೆಗಿಲ್ಲ, ಈಚೆಗಿಲ್ಲ. ಕೇಳಿ ಕೇಳಿ ನಂಗೇ ಬಾಯ್ಗ್ ಬಂದ್ಬುಟ್ಟದ."

"ಏಳು ಮತ್ತ."

ಮಾರಯ್ಯ ಜಗಲಿಯ ಅಂಚಿಗೆ ಕುಕ್ಕರಿಸಿ, ಕೂತಿದ್ದ ಗೆಳೆಯನನ್ನು ಒಂದು ಸಲ ನೋಡಿ, ಶುರು ಮಾಡಿದ.

"ಗೂಡಲೂರ್ ತಾವ ಲಾರಿ ಆಕ್ಸೆಲ್ಲು ಮುರ್ದೋಯ್ತು. ಡ್ರೈವರು ಮೆಕಾನಿಕ್ಕುನ್ನ ತರಾಕ ಓದ, ಇವ ಕಾಯ್ಕಂಡು ಕೂತ. ಚಳಿ ಅಂದ್ರ ಚಳಿ. ಮೇಲ್ಗಡೆ ಟೀ ಎಸ್ಟೇಟು. ಅಲ್ಲಿಯವ ಒಬ್ಬ ಬಂದು, ಬಾರಪ್ಪಾ ಒಳಕ್ಕ ಅಂತ ಕೈಮಾಡಿ ಕರ್ದ. ಓದ್ರ, ಮೇಜಿನ ಮ್ಯಾಲ ಇಸ್ಪೀಟು. ಒಬ್ನು ಎದ್ದೋಗಿದ್ದ, ಆ ಜಾಗ್ಕ ಇವುನ್ನ ಕೂರುಸ್ಕಂಡ್ರು. ಅದು ನಮ್ ಮೂರೆಲೆ ಅಲ್ಲ, ರಮ್ಮೀನೂ ಅಲ್ಲ. ಒಬ್ಬೊಬ್ರಿಗ ಐದೈದೆಲೆ. ಏಳ್ಕೊಡನ ಅಂದ್ರ ಅವ್ರು ತಮಿಳು, ಮಲೆಯಾಳ, ಇವುನ್ಗ ಕನ್ನಡ ಬಿಟ್ರ ದನ ಕೂಗೋ ಭಾಷೆ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಎಲೆ ಎತ್ತಿ ನೋಡ್ತನ. ಆಟೀನು ಎಕ್ಕ. ಆಟೀನು ರಾಜ. ಆಟೀನು ರಾಣಿ. ಆಟೀನು ಗುಲಾಮ. ಆಟೀನು ಹತ್ತು. ಅಷ್ಟೂ ಕೆಂಪ್ಗ ಕೂತವ."

"ತಡೀರಿ!"

ಕೂಗಿದ್ದು ಸ್ಪಂದನಾ. ಶಶಿರೇಖಾಳ ಮಗಳು, ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುವವಳು. ಬೆಳಿಗ್ಗೆಯಿಂದ ತಾತನ ಕಾಲಬುಡದಲ್ಲಿ ಮುದುರಿ ಕೂತಿದ್ದವಳು ಈಗ ಎದ್ದು ನಿಂತಿದ್ದಳು. "ಮಾರಯ್ಯತಾತ, ಇನ್ನೊಂದ್ಸಲ ಹೇಳಿ. ಯಾವ್ಯಾವ ಎಲೆ?"

"ಎಕ್ಕ, ರಾಜ, ರಾಣಿ, ಗುಲಾಮ, ಹತ್ತು."

"ಐದೂ ಆಟೀನೇನಾ? ಐದೇ ಎಲೆ ಹಾಕಿದ್ದಾ? ಐದಕ್ಕೆ ಐದೂ ಅದೇನಾ?"

"ಊಂ ಕಣಮ್ಮಿ. ಯಾಕಮ್ಮಿ?"

"ಅಯ್ಯಯ್ಯೋ!" ಎಂದು ಹುಡುಗಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಆಮೇಲೆ? ಆಮೇಲೇನಾಯ್ತು?"

"ಆಮ್ಯಾಲೇನು, ಎದುರ್ಗ ಕೂತಿದ್ದವ ನಾಕು ಒಂಬತ್ತು ತೆಗ್ದು ಮಡ್ಗ್ಬುಟ್ಟ. ಮೂರೆಲೇಲಿ ಮೂರು ಒಂದೇ ಎಲೆ ಬಂದ್ರೇ ಎಲ್ಲಾದ್ಕೂ ದೊಡ್ಡದು. ಇನ್ನು ನಾಕು ಒಂದೇ ಬಂದ್ರ ಕೇಳ್ಬೇಕಾ? ಇವ ಸೋತೆ ಅಂದ್ಕಂಡ. ಎಲೆ ಕೆಳಕ್ಕಾಕಿ ಟವಲ್ಲು ಒದ್ರಿ ಎದ್ಬುಟ್ಟ. ಆ ಎದುರ್ಗಡೆಯವ ಬಿದ್ದಿದ್ದ ಎಲೆ ನೋಡ್ದ ನೋಡು, ಕುರ್ಚಿ ತಳ್ಬುಟ್ಟು ನಿಂತ್ಕಂಡ. ಸುತ್ತ ಇದ್ದೋರೂ ನಿಂತ್ಕಂಡ್ರು. ಒಡೀತರೆ ಅಂತ ಇವ ಬಾಗಿಲ ಕಡಿಕ್ ಓಡ್ದ. ಅವ ಓಡ್ಬಂದು ಅಪ್ಕಂಬುಟ್ನಂತೆ! ಅಲ್ಲಿಂದ ಶುರುವಾಯ್ತು ನೋಡು. ಎಡ್ದಿನ ಬುಡ್ನಿಲ್ಲ. ಅಕ್ಕಪಕ್ಕದ ಎಸ್ಟೇಟ್ನೋರೆಲ್ಲ ಜೀಪ್ನಲ್ಲಿ ಬಂದು ಇವುನ್ನ ನೋಡದೇನು, ಕೈ ಮುಟ್ಟದೇನು. ಮೀನು ತಿನ್ನೋ ಮನೇಲಿ ಇವುನ್ಗೇಂತ ಬ್ಯಾರೆ ಪಾತ್ರೇಲಿ ಮೊಸರನ್ನ. ಓಯ್ತೀನಿ ಓಯ್ತೀನಿ ಅಂದ್ರೂ ಬುಡವಲ್ರು. ಯಾಕಂತೆ ಅಂದ್ರ, ನಂಗೂ ಗೊತ್ತಿಲ್ಲ ಕಣ ಮಾರಯ್ಯ, ಆದ್ರ ನಿಂತ್ಕಂಡ್ರು, ಅನ್ನವ. ಕೊನೆಗಂಟ ಅದನ್ನೇ ಅನ್ನವ."

ಗುಂಪಿನಲ್ಲಿದ್ದ ರಂಗಸ್ವಾಮಿ ಗಂಟಲು ಸರಿಮಾಡಿಕೊಂಡ. ಅವನೂ ಈಗ ಮುದುಕ, ಹಲ್ಲು ಅರ್ಧ ಹೋಗಿದ್ದವು, ಆದರೆ ಇಸ್ಪೀಟಿನ ವಿಷಯದಲ್ಲಿ ತಾನೇ ಕೊನೆಯ ಮಾತು ಎಂಬ ಜಂಭ ಹೋಗಿರಲಿಲ್ಲ. "ಸತ್ತೋರ್ ಮ್ಯಾಲ ಮಾತಾಡ್ಬಾರ್ದು. ಆದ್ರೂ ನಾಕು ಒಂಬತ್ತು ಮಡಗ್ದವ ಸೋತು, ಎದ್ದು ಬಂದು ಅಪ್ಕಂಡ ಅಂದ್ರ ಯಾರ್ ನಂಬ್ತರು? ಅಲ್ಲೇ ಸಿಕ್ಕಾಕ್ಕತ್ತದ ಕತೆ."

"ನಿಮಗೇನ್ ಗೊತ್ತು ರಂಗಸ್ವಾಮಿತಾತ!" ಸ್ಪಂದನಾಳ ದನಿ ಕೀರಲಾಯಿತು. "ಅದು ಪೋಕರ್! ಅದ್ರಲ್ಲಿ ಬೇರೆ ಲೆಕ್ಕ. ಒಂದೇ ಗುರುತಿನ ಐದು ಸಾಲಾಗಿ ಬಂದ್ರೆ ನಾಲ್ಕು ಒಂಬತ್ತನ್ನ ಹೊಡ್ದುಹಾಕುತ್ತೆ. ಅದ್ರಲ್ಲೂ ಎಕ್ಕದಿಂದ ಹತ್ತರವರೆಗೆ ಬಂದ್ರೆ ಮುಗೀತು, ಅದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ರಾಯಲ್ ಫ್ಲಶ್ ಅಂತಾರೆ. ತಾತನಿಗೆ ರಾಯಲ್ ಫ್ಲಶ್ ಬಿದ್ದಿತ್ತು!"

ಶಶಿರೇಖಾ ಮಗಳ ರಟ್ಟೆ ಹಿಡಿದೆಳೆದಳು.

"ಇಸ್ಪೀಟು ಯಾರೇ ನಿಂಗೆ ಕಲ್ಸಿದ್ದು?"

"ಫೋನಲ್ಲಿ ಆಡ್ತೀವಮ್ಮ, ಹಾಸ್ಟೆಲಲ್ಲಿ. ಸುಮ್ನೆ ಪಾಯಿಂಟಿಗೆ. ಆಮೇಲೆ ಬೈಯುವಂತೆ, ಈಗ ಕೇಳು. ಮೂರು ವರ್ಷದಿಂದ ಆಡ್ತಿದೀನಿ, ಒಂದೇ ಒಂದ್ಸಲ ನಂಗೆ ಬಂದಿಲ್ಲ. ನಮ್ಮ ರೂಮಲ್ಲಿ ಯಾರಿಗೂ ಬಂದಿಲ್ಲ. ಹಾಗೆ ಸೀದಾ ಐದೆಲೇಲಿ ಬರೋದು ಆರೂವರೆ ಲಕ್ಷ ಸಲಕ್ಕೆ ಒಂದ್ಸಲ!"

"ಎಷ್ಟು?" ಎಂದ ಮಾರಯ್ಯ.

"ಆರೂವರೆ ಲಕ್ಷ. ಚಾಮರಾಜನಗರ ತಾಲ್ಲೂಕು, ಗುಂಡ್ಲುಪೇಟೆ ತಾಲ್ಲೂಕು, ಎರಡೂ ಕಡೆ ಇರೋ ಜನಾನೆಲ್ಲ, ಕೂಸು ಕುನ್ನಿ ಬಿಡದಂಗೆ ಸಾಲಾಗಿ ಕೂರಿಸಿ ಐದೈದೆಲೆ ಹಾಕಿ. ಒಬ್ಬರಿಗೆ ಬಂದ್ರೆ ಬಂತು. ಬರದೇನೂ ಇರ್ಬೋದು."

"ಅಬ್ಬಬ್ಬಬ್ಬ!" ಮಾರಯ್ಯ ಎದ್ದೇಬಿಟ್ಟ. ಸೀದಾ ಹೋಗಿ ಪದ್ಮಾಸನದಲ್ಲಿ ಕೂತವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ. "ಲೇ ಮರಿಮಲ್ಲಾ! ಕೇಳ್ದೇನ್ಲಾ? ಎರಡು ತಾಲ್ಲೂಕ್ಗ ಒಬ್ನಂತೆ ಕಣ್ಲಾ ನೀನು!"

ಅಲ್ಲಿಂದ ಶುರುವಾದ ಗದ್ದಲ ಏನು ಕೇಳುತ್ತೀರಿ. ಸಾವಿನ ಮನೆ ಎಂಬುದೇ ಮರೆತುಹೋಯಿತು. ರಂಗಸ್ವಾಮಿ ಒಪ್ಪಲಿಲ್ಲ, ನಾಕು ಒಂದೇ ಎಲೆ ಸೋಲುವುದು ಎಲ್ಲಾದರೂ ಉಂಟೇ ಎಂದ. ಸ್ಪಂದನಾ ಫೋನು ತೆಗೆದು ಚಿತ್ರ ತೋರಿಸಿದಳು. ಕನ್ನಡಕವಿಲ್ಲದೆ ಕಾಣುವುದಿಲ್ಲ ಎಂದ. ಕನ್ನಡಕ ಬಂತು. ತಮಟೆಯವರು ತಮಟೆ ಕೆಳಗಿಟ್ಟು ಬಂದು ಇಣುಕಿದರು. ವಿಮಾನ ಹೊರುವವರು ಇಣುಕಿದರು. ಕಾದು ಬೇಸತ್ತಿದ್ದ ಐನೋರು 'ಏನಂತೆ, ಏನಂತೆ' ಎಂದು ಕೇಳುತ್ತ ಕೇಳುತ್ತ ತಾವೂ ಬಗ್ಗಿ ನೋಡಿದರು.

"ನಾಲ್ಕು ಒಂಬತ್ತೂ ಸಾಮಾನ್ಯ ಅಲ್ಲ ತಾತ" ಎಂದು ಹುಡುಗಿ ಬಿಡಿಸಿ ಹೇಳಿದಳು. "ಅದು ಕೈಗೆ ಬಂದೋನು ನಾನೇ ಗೆದ್ದೆ ಅಂದ್ಕೋತಾನೆ. ಅಂಥದ್ದು ಸೋಲೋದನ್ನ ನೋಡ್ಬೇಕು ಅಂದ್ರೆ ಪುಣ್ಯ ಮಾಡಿರ್ಬೇಕು. ಅದಕ್ಕೇ ಅವ್ನು ಎದ್ದಿದ್ದು. ನಾನಾಗಿದ್ರೂ ಎದ್ದು ನಿಲ್ತಿದ್ದೆ. ನಾನಾಗಿದ್ರೂ ತಾತನ್ನ ಊರಿಗೆ ಕಳಿಸ್ತಿರ್ಲಿಲ್ಲ!"

ರಂಗಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡ. "ಆಟ ಅಂಗಿರ್ಬೋದು. ಆದ್ರ ಅದು ಇವುನ್ಗೇ ಬಿತ್ತು ಅನ್ನಾಕ ಏನು ಸಾಕ್ಷಿ?"

ಮಾತು ಕೆಟ್ಟದ್ದಾದರೂ ನ್ಯಾಯದ್ದಾಗಿತ್ತು. ಎಲ್ಲರೂ ಗುರುಮಲ್ಲಮ್ಮನ ಕಡೆ ತಿರುಗಿದರು. ಅವಳು ವೀಳ್ಯದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು.

* * *

ಮರಿಮಲ್ಲಪ್ಪ ಸುಳ್ಳು ಹೇಳುತ್ತಿರಲಿಲ್ಲ ಅಂತಲ್ಲ. ಧಾರಾಳವಾಗಿ ಹೇಳುತ್ತಿದ್ದ. ಅದರ ಗುಟ್ಟು ಹೆಂಡತಿಗೆ ಗೊತ್ತಿತ್ತು, ಅಷ್ಟೆ.

ಒಂದು ಸಲ ಬಂಡೀಪುರದ ದಾರಿಯಲ್ಲಿ ಸಲಗ ಅಡ್ಡ ಬಂತು. 'ನಾನು ಒಂದು ಗುಟುರು ಹಾಕ್ದೆ ನೋಡು, ಬಾಲ ಮುದುರ್ಕಂಡು ಓಯ್ತು' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಮರ ಹತ್ತಿ ಕೂತು ಪಂಚೆ ಒದ್ದೆ ಮಾಡಿಕೊಂಡಿದ್ದ ಎಂಬುದು ಒಂದು ವಾರದ ಮೇಲೆ ಮಾರಯ್ಯನಿಂದ ಹೊರಬಿತ್ತು. ಹರದನಹಳ್ಳಿಯ ದನದ ದಲ್ಲಾಳಿ ಇವನ ತಲೆಗೆ ಮುದಿ ಎತ್ತು ಕಟ್ಟಿ ಕಳಿಸಿದ. ಇವನು ಮನೆಗೆ ಬಂದು 'ದಲ್ಲಾಳಿಗೇ ಟೋಪಿ ಹಾಕ್ಬುಟ್ಟೆ' ಎಂದ. ಮಗಳ ಮದುವೆಯಲ್ಲಿ ಬೀಗರು ಎಲ್ಲರೆದುರು ಗದರಿದರು. ರಾತ್ರಿ ಹೆಂಡತಿಯ ಹತ್ತಿರ 'ನಾನು ಒಂದು ಮಾತು ಅಂದೆ ನೋಡು, ತಲೆ ತಗ್ಗಿಸ್ಬುಟ್ರು' ಎಂದ. ಅವಳು ಬಾಗಿಲ ಸಂದಿಯಿಂದ ಕಂಡಿದ್ದಳು, ತಲೆ ತಗ್ಗಿಸಿಕೊಂಡು ನಿಂತಿದ್ದವನು ಇವನೇ. ಕಂಡಿದ್ದೆ ಎಂದು ಹೇಳಲಿಲ್ಲ. ಅವನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಒಳ್ಳೆಯ ಮನುಷ್ಯ, ಎಲ್ಲ ಕಡೆಯೂ ಸೋತು ಬರುತ್ತಿದ್ದ. ಹುಣಿಸೆಬೀಜದ ಆಟದಲ್ಲೂ ಸೋಲುತ್ತಿದ್ದ. ಸುಳ್ಳು ಹೇಳುವಾಗ ಮಾತ್ರ ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ.

* * *

"ಮಾರಯ್ಯ" ಎಂದಳು ಗುರುಮಲ್ಲಮ್ಮ. "ಎಲೆ ಬಿದ್ದಾಗ ಅದು ದೊಡ್ಡದು ಅಂತ ಇವ್ರಿಗ್ ಗೊತ್ತಿತ್ತಾ?"

"ಎಲ್ಲಿ ಗೊತ್ತಿತ್ತವ್ವಾ? ಸೋತೆ ಅಂತ್ಲೇ ಎದ್ದಿದ್ದು. ಸಾಯೋಗಂಟ ಅವುನ್ಗ ಗೊತ್ತಾಗ್ನಿಲ್ಲ. ನಮ್ಗೇ ಈಗ ಗೊತ್ತಾಗ್ತಿರದು."

"ಸೋತೆ ಅಂತ ಎದ್ದೆ ಅಂತ್ಲೇ ಏಳವ್ರಾ? ಒಂದ್ಸಲಾನೂ ಗೆದ್ದೆ ಅನ್ನಾಕಿರ್ನಿಲ್ವಾ?"

"ಇಲ್ಲ. ಎಲೆ ಕೆಳಕ್ಕಾಕಿ ಟವಲ್ಲು ಒದ್ರಿ ಎದ್ದೆ ಅನ್ನವ. ನಾವು ನಗಾಡವು."

ಗುರುಮಲ್ಲಮ್ಮನ ಮುಖ ಕೆಂಪಾಗಿ, ಕಣ್ಣು ತುಂಬಿ, ಅದು ಅಳುವೋ ನಗುವೋ ಎಂದು ಯಾರಿಗೂ ತಿಳಿಯಲಿಲ್ಲ. ರಂಗಸ್ವಾಮಿಯ ಕಡೆ ತಿರುಗಿದಳು.

"ಸಾಕ್ಷಿ ಕೇಳ್ದ್ಯಲ್ಲ ರಂಗಸ್ವಾಮಿ, ಕೇಳ್ಕ. ಇವ್ರು ಸುಳ್ಳು ಕಟ್ಟಿದ್ರ ಮೂರು ಎಕ್ಕ ಬಿತ್ತು ಅಂದಿರವ್ರು. ಎಲ್ರನ್ನೂ ಸೋಲುಸ್ಬುಟ್ಟೆ ಅಂದಿರವ್ರು. ನಲವತ್ತು ವರ್ಸ ಇವ್ರ ಸುಳ್ಳು ಉಂಡಿರೋಳು ನಾನು, ನಂಗೊತ್ತಿಲ್ವಾ? ಸೋತೆ ಅಂತ ಎದ್ದೆ ಅನ್ನೋ ಸುಳ್ಳು ಇವ್ರ ಬಾಯಲ್ಲಿ ಉಟ್ಟೇ ಇಲ್ಲ! ಇವ್ರಿಗೇ ಗೊತ್ತಿಲ್ದಿರೋ ಆಟುದ್ದು ಇವ್ರು ಎಂಗ್ ಕತೆ ಕಟ್ತರು? ನಂಗೂ ಗೊತ್ತಿರ್ನಿಲ್ಲ, ನಿಂಗೂ ಗೊತ್ತಿರ್ನಿಲ್ಲ. ಗೊತ್ತಿಲ್ದೋರೆಲ್ಲ ಸೇರ್ಕಂಡು ಈ ಮನ್ಸನ್ನ ಬುರುಡೆ ಅಂದ್ಬುಟ್ಟೋ!"

ರಂಗಸ್ವಾಮಿ ಟವೆಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಗೂಡಲೂರಲ್ಲಿ ಯಾರೂ ಇರ್ನಿಲ್ಲ ಕಣಕ್ಕ" ಎಂದು ಅವಳು ಬಸವಮ್ಮನಿಗೆ ಕೂಗಿ ಹೇಳಿದಳು, ಕಿವುಡಿಗೆ ಹೇಳುವ ಹಾಗೆ, ಊರಿಗೆಲ್ಲ ಕೇಳುವ ಹಾಗೆ. "ಯಾರೂ ಇರ್ನಿಲ್ಲ! ಮೊಸರನ್ನ ತಿನ್ಕಂಡು ಕೂತಿದ್ರಂತೆ!"

ಹಾಗೆಂದವಳೇ ಎದ್ದಳು. ಬೆಳಿಗ್ಗೆಯಿಂದ ಇಬ್ಬರು ಹಿಡಿದುಕೊಂಡು ನಡೆಸುತ್ತಿದ್ದವಳನ್ನು ಈಗ ಹಿಡಿಯಲು ಹೋದರೆ ಕೈ ಕೊಡವಿದಳು. ಜಗಲಿ ಹತ್ತಿ, ವೀಳ್ಯದೆಲೆಗೆ ಅಡಿಕೆ ಇಟ್ಟು ಮಡಿಸಿ, ಗಂಡನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಲು ನೋಡಿದಳು. ಅವು ಮಡಚಲಿಲ್ಲ. ತನ್ನ ಕೈಯನ್ನೇ ಮೇಲೆ ಮುಚ್ಚಿ ಹಿಡಿದು ಕಿವಿಯ ಹತ್ತಿರ ಬಗ್ಗಿದಳು. ಹೇಳಬೇಕಾದ ಮಾತು ನಾಲ್ಕು ಪದದ್ದು. ಅವಳು ಬಗ್ಗಿದವಳು ಏಳಲೇ ಇಲ್ಲ. ಏನೇನೋ ಹೇಳುತ್ತಲೇ ಇದ್ದಳು. ಹತ್ತಿರವಿದ್ದ ಸ್ಪಂದನಾಳಿಗೆ 'ಗೆದ್ದಿದ್ದು ನೀವೇ ಅಂತೆ ಕಣಾ' ಎಂಬುದೊಂದು ಕೇಳಿಸಿತು. ಆಮೇಲೆ 'ಆರೂವರೆ ಲಕ್ಸ' ಎಂಬುದು. ಮಲ್ಲೇಶ್ ಹೊತ್ತಾಯಿತು ಎನ್ನಲು ಬಾಯಿ ತೆರೆದ. ಐನೋರು ಕಣ್ಣಲ್ಲೇ ಬೇಡವೆಂದರು.

ಕೊನೆಗೆ ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡು ತಮಟೆಯವರ ಮೇಲೆ ರೇಗಿದಳು. "ಏನ್ ನೋಡ್ತಾ ನಿಂತಿದ್ದೀರಿ? ಬಡೀರೋ! ಪಕ್ಕದೂರು ಉಡಿಗಾಲಕ್ಕ ಕೇಳ್ಬೇಕು!"

ಬಡಿದರು. ಹಾಗೆ ಬಡಿದದ್ದನ್ನು ಹರವೆಯವರು ಹಬ್ಬದಲ್ಲೂ ಕೇಳಿರಲಿಲ್ಲ. ವಿಮಾನದಲ್ಲಿ ಕೂತ ಮರಿಮಲ್ಲಪ್ಪ ಚೆಂಡುಹೂವಿನ ನಡುವೆ ಓಲಾಡುತ್ತ ಹೊರಟ. ಮುಂದೆ ಮಾರಯ್ಯ ಹೆಜ್ಜೆ ಹಾಕಿ ಕುಣಿದ, ಅಳುತ್ತ ಕುಣಿದ. ದಾರಿಯ ಎರಡೂ ಕಡೆ ನಿಂತವರಿಗೆ ಐದು ಬೆರಳು ಎತ್ತಿ ತೋರಿಸುತ್ತ, 'ಎರಡು ತಾಲ್ಲೂಕ್ಗ ಒಬ್ನೇ, ಎರಡು ತಾಲ್ಲೂಕ್ಗ ಒಬ್ನೇ' ಎಂದು ಕೂಗುತ್ತ ಹೋದ. ವಿಷಯ ತಿಳಿಯದವರು ಮರಿಮಲ್ಲಪ್ಪನಿಗೆ ಸರ್ಕಾರದಿಂದ ಏನೋ ಬಂದಿರಬೇಕು ಎಂದುಕೊಂಡು ಕೈ ಮುಗಿದರು.

ಮಣ್ಣು ಮಾಡಿ, ಮಿಂದು, ದೀಪಕ್ಕೆ ಕೈ ಮುಗಿದು ಜನ ಮನೆಗೆ ಹೋಗಬೇಕಾದ ಹೊತ್ತು. ಯಾರೂ ಹೋಗಲಿಲ್ಲ. ತೊಳೆದ ಜಗಲಿ ಇನ್ನೂ ಒದ್ದೆಯಾಗಿತ್ತು. ಮಾರಯ್ಯ ಅಂಗಳದಲ್ಲಿ ಚಾಪೆ ಹಾಸಿ ಎಲೆಕಟ್ಟು ತೆಗೆದ. ಬರುತ್ತದೋ ಇಲ್ಲವೋ ನೋಡೇಬಿಡೋಣ ಎಂಬುದು ಅವನ ಹಠ. ಐದೈದು ಎಲೆ ಹಾಕಿದ, ಎಲ್ಲರೂ ಮುಖ ಮೇಲೆ ಮಾಡಿ ಇಟ್ಟರು. ಏನೂ ಇಲ್ಲ. ಬಾಚಿ, ಕಲಸಿ, ಮತ್ತೆ ಹಾಕಿದ. ಯಾರಿಗೋ ಜೋಡಿ ಬಿತ್ತು. ಮತ್ತೆ ಹಾಕಿದ. ಐನೋರಿಗೆ ಮೂರು ಏಳು ಬಿದ್ದವು. ಅವರು ನಾಚಿಕೊಂಡು ಎಲೆ ವಾಪಸು ಕೊಟ್ಟರು. ಒಂದು ಸಲ ಮಲ್ಲೇಶನಿಗೆ ಆಟೀನು ಎಕ್ಕ, ಆಟೀನು ರಾಣಿ ಒಟ್ಟಿಗೆ ಬಂದು ಅಂಗಳವೆಲ್ಲ ಉಸಿರು ಬಿಗಿಹಿಡಿಯಿತು. ಮೂರನೆಯದು ಕಳಾವರ ನಾಕು. ಹೋ ಎಂದು ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ರಂಗಸ್ವಾಮಿ ಎಲೆ ಮುಟ್ಟದೆ ನೋಡುತ್ತಲೇ ಇದ್ದ. ನೋಡುತ್ತ ನೋಡುತ್ತ ಅವನ ಕಣ್ಣಲ್ಲಿ ನೀರು ಬಂತು. "ಬರಾಕಿಲ್ಲ ಕಣ್ಲಾ ಅದು" ಎಂದ. "ಬೆಳಗಾನ ಆಕುದ್ರೂ ಬರಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ ಗುರುಮಲ್ಲಮ್ಮ ಇಳಿದು ಬಂದು ಚಾಪೆಯ ಮೇಲೆ ಕೂತಳು. ಎಲೆ ಹಿಡಿದ ಜನ್ಮವಲ್ಲ ಅವಳದು. ಬಸವಮ್ಮ 'ಏನಮ್ಮಿ, ಇವತ್ತೇ?' ಎಂದಳು, ಆದರೆ ತಡೆಯಲಿಲ್ಲ.

"ನಂಗೂ ಆಕು ಮಾರಯ್ಯ."

ಮಾರಯ್ಯ ಹಾಕಿದ. ಐದು ಎಲೆ, ಒಂದರ ಮೇಲೊಂದು, ಬೆನ್ನು ಮೇಲಾಗಿ ಅವಳ ಮುಂದೆ ಬಿದ್ದವು. ಉಳಿದವರು ತಮ್ಮ ತಮ್ಮ ಎಲೆ ತಿರುವಿದರು. ಯಾರಲ್ಲೂ ಏನೂ ಇರಲಿಲ್ಲ. ಎಲ್ಲರ ಕಣ್ಣೂ ಅವಳ ಐದರ ಮೇಲೆ ಬಂದು ನಿಂತವು.

"ತಿರುಗ್ಸಜ್ಜಿ" ಎಂದಳು ಸ್ಪಂದನಾ, ಮೊಣಕಾಲ ಮೇಲೆ ಎದ್ದು. "ಬೇಗ ತಿರುಗ್ಸು!"

ಗುರುಮಲ್ಲಮ್ಮ ಬಳೆಯಿಲ್ಲದ ಕೈಯನ್ನು ಆ ಐದೆಲೆಯ ಮೇಲೆ ಮುಚ್ಚಿಟ್ಟಳು. ಬೀದಿದೀಪ ಹತ್ತಿಕೊಂಡಿತು. ಅವಳ ಕಣ್ಣು ಎಲೆಯ ಕಡೆಗಿರಲಿಲ್ಲ, ಮರಿಮಲ್ಲಪ್ಪ ಬರುತ್ತಿದ್ದ ದಾರಿಯ ಕಡೆಗಿತ್ತು.

"ತಡಿಯಮ್ಮಿ" ಎಂದಳು. "ಒಂದ್ಗಳಿಗೆ ಕಾಯ್ತೀನಿ."